ತೊಟ್ಟಿಲಿಗೊಂದು ಪರದೆ: ಹಸುಳೆಗಳನ್ನು ಕೀಟಗಳ ಕಡಿತದಿಂದ ಕಾಪಾಡುವ ಬಗೆ



ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರೇಷ್ಮೆ ಬೆಳೆಗಾರರ ಮನೆಗಳಿಗೆ ಹೋದವರ ಕಣ್ಣಿಗೆ ಒಂದು ಸಂಗತಿ ಬೀಳದೆ ಇರದು. ಹುಳು ಸಾಕುವ ಕೋಣೆಯ ಕಿಟಕಿಗಳಿಗೂ ಬಾಗಿಲಿಗೂ ನೈಲಾನ್ ಪರದೆಯನ್ನು ಬಿಗಿದಿರುತ್ತಾರೆ. ಸೊಪ್ಪು ಹಾಕಲು ಒಳಗೆ ಹೋಗುವವರು ಪರದೆಯನ್ನು ಸರಿಸಿ ಒಳಹೊಕ್ಕು, ಆ ಕ್ಷಣವೇ ಮತ್ತೆ ಮುಚ್ಚುತ್ತಾರೆ. 1980ರಲ್ಲಿ ಊಜಿ ನೊಣವು ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕವನ್ನು ಹೊಕ್ಕ ಮೇಲೆ ನಮ್ಮ ಬೆಳೆಗಾರರು ಕಲಿತುಕೊಂಡ ಪಾಠವಿದು. ನೊಣವೊಂದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟಿತೆಂದರೆ ಆ ಹುಳು ಕೈಬಿಟ್ಟಂತೆಯೇ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಮನೆಯ ನಡುಮನೆಯಲ್ಲಿ ಎರಡು ತಿಂಗಳ ಕೂಸೊಂದು ತೆರೆದ ತೊಟ್ಟಿಲಿನಲ್ಲಿ ಮಲಗಿರುತ್ತದೆ. ಅದರ ಮೇಲೆ ಪರದೆಯಿರುವುದಿಲ್ಲ. ತಾಯಿಯ ಹಳೆಯ ಸೀರೆಯ ತುದಿಯೊಂದನ್ನು ಮುಖದ ಮೇಲೆ ಎಳೆದಿದ್ದರೆ ಅದೇ ಹೆಚ್ಚು. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಹುಳುವಿಗೆ ಬಂದ ನಷ್ಟವನ್ನು ಗೂಡಿನ ತೂಕದಲ್ಲಿ ಅಳೆಯಬಹುದು. ಸೊಳ್ಳೆಯಿಂದ ಬಂದ ಜ್ವರವು ಕಡಿತವಾದ ಎಷ್ಟೋ ದಿನಗಳ ಮೇಲೆ ಕಾಣಿಸಿಕೊಳ್ಳುವುದರಿಂದ ಅದನ್ನು ಅಂದಿನ ಕಡಿತದೊಂದಿಗೆ ಯಾರೂ ಕೂಡಿಸಿ ನೋಡುವುದಿಲ್ಲ. ಹುಳುಮನೆಯಲ್ಲಿ ನೀವು ಪಾಲಿಸುತ್ತಿರುವ ಕ್ರಮವನ್ನೇ ತೊಟ್ಟಿಲಿನ ಬಳಿಗೂ ತರುವುದು ಹೇಗೆಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಹಸುಳೆಗೆ ಅಪಾಯ ಹೆಚ್ಚೇಕೆ?

ದೊಡ್ಡವರು ನಿದ್ದೆಯಲ್ಲಿಯೂ ಕೈ ಬೀಸಿ ಸೊಳ್ಳೆಯನ್ನು ಓಡಿಸುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಕಂಬಳಿ ಎಳೆದುಕೊಳ್ಳುತ್ತಾರೆ. ಎಳೆಗೂಸು ಇದಾವುದನ್ನೂ ಮಾಡಲಾರದು. ಅದರ ಚರ್ಮವು ತೆಳುವಾದುದು. ರೋಗವನ್ನು ತಡೆಯುವ ಶಕ್ತಿಯು ಇನ್ನೂ ಬೆಳೆಯುತ್ತಿರುತ್ತದೆ. ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸಿರುವುದಿಲ್ಲ: ಸೊಳ್ಳೆ ಕಡಿದಲ್ಲಿ ಗುಳ್ಳೆಯೇಳುವುದು ನಮ್ಮ ಶರೀರವು ಸೊಳ್ಳೆಯ ಜೊಲ್ಲನ್ನು ಗುರುತಿಸಲು ಕಲಿತ ಮೇಲೆ. ಮೊದಮೊದಲು ಕಡಿಸಿಕೊಂಡ ಹಸುಳೆಯ ಮೈಮೇಲೆ ಗುಳ್ಳೆಯೇ ಏಳದಿರಬಹುದು. ಆದುದರಿಂದ "ನಮ್ಮ ಮಗುವಿನ ಮೈಯಲ್ಲಿ ಒಂದು ಗುಳ್ಳೆಯೂ ಇಲ್ಲ, ಅದಕ್ಕೆ ಸೊಳ್ಳೆ ಕಡಿಯುವುದಿಲ್ಲ" ಎಂದು ನೆಮ್ಮದಿಯಿಂದ ಇರುವುದು ಸರಿಯಲ್ಲ. ಅದೇ ಮಗು ಒಂದೆರಡು ವರ್ಷದ್ದಾದಾಗ ಒಂದೇ ಕಡಿತಕ್ಕೆ ಕೈಯೆಲ್ಲಾ ಊದಿಕೊಳ್ಳುವುದೂ ಉಂಟು.

ಹಗಲಿನ ಸೊಳ್ಳೆ, ಇರುಳಿನ ಸೊಳ್ಳೆ

ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂಬುದಕ್ಕೆ ಮೊದಲ ಸ್ಪಷ್ಟ ಸಾಕ್ಷಿಯನ್ನು ರೊನಾಲ್ಡ್ ರಾಸ್ ಅವರು 1897ರ ಆಗಸ್ಟ್ 20ರಂದು ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ಕಂಡರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾಗಿ ರೋಗವು ಬಹಳವಾಗಿ ಇಳಿಯಿತು. ಎಚ್ಚರ ತಪ್ಪಿದ ಮೇಲೆ ಮರಳಿ ಏರಿ, 1976ರಲ್ಲಿ ದೇಶದಲ್ಲಿ 64 ಲಕ್ಷಕ್ಕೂ ಹೆಚ್ಚು ಮಂದಿಗೆ ತಗಲಿತು. ಇಂದು ಕರ್ನಾಟಕದಲ್ಲಿ ಮಲೇರಿಯಾ ಮತ್ತೆ ಬಹುಮಟ್ಟಿಗೆ ತಗ್ಗಿದೆ. ಅದರ ಬದಲು ಡೆಂಗೆ ಮತ್ತು ಚಿಕೂನ್‌ಗುನ್ಯಾ ಜ್ವರಗಳು ಹಳ್ಳಿಗಳನ್ನೂ ಹೊಕ್ಕಿವೆ.

ಇಲ್ಲಿ ನೀವು ತಿಳಿಯಬೇಕಾದುದು ಇಷ್ಟು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯು ಮುಸ್ಸಂಜೆಯಿಂದ ಮುಂಜಾವದವರೆಗೆ ಕಡಿಯುತ್ತದೆ. ಬಾವಿ, ಹಳ್ಳದ ನಿಂತ ಮಡು, ಬೆಟ್ಟದ ತೊರೆಯ ಅಂಚು, ಇವು ಅದರ ತವರು. ಡೆಂಗೆ ಹರಡುವ ಈಡಿಸ್ ಸೊಳ್ಳೆಯಾದರೋ ಹಗಲಿನಲ್ಲಿ ಕಡಿಯುತ್ತದೆ. ಬೆಳಗಿನ ಹೊತ್ತು ಮತ್ತು ಹೊತ್ತು ಮುಳುಗುವ ಮುಂಚೆ ಅದರ ಹಾವಳಿ ಹೆಚ್ಚು. ಅದರ ಕಾಲುಗಳ ಮೇಲೆ ಬಿಳಿಯ ಪಟ್ಟೆಗಳಿರುತ್ತವೆ. ಅದು ಹುಟ್ಟುವುದು ನಿಮ್ಮ ಮನೆಯ ಬಾನಿ, ಗುಡಾಣ, ತೊಟ್ಟಿಗಳಲ್ಲಿಯೇ.

ನಮ್ಮಲ್ಲಿ ಸೊಳ್ಳೆ ಪರದೆಯೆಂದರೆ ರಾತ್ರಿಯ ವಸ್ತುವೆಂದೇ ಭಾವನೆ. ಆದರೆ ಹುಟ್ಟಿದ ಮಗುವು ದಿನಕ್ಕೆ 14ರಿಂದ 17 ಗಂಟೆಗಳಷ್ಟು ಕಾಲ ನಿದ್ರಿಸುತ್ತದೆ. ಅದರಲ್ಲಿ ದೊಡ್ಡ ಪಾಲು ಹಗಲಿನದು. ತಾಯಿ ಒಲೆಯ ಮುಂದಿರುವಾಗ, ತಂದೆ ಹೊಲದಲ್ಲಿರುವಾಗ, ತೊಟ್ಟಿಲಿನ ಸುತ್ತ ಹಾರುವುದು ಈ ಹಗಲಿನ ಸೊಳ್ಳೆ. ಮಗು ಮಲಗಿದ್ದಾಗಲೆಲ್ಲಾ, ಹಗಲೇ ಆಗಲಿ ಇರುಳೇ ಆಗಲಿ, ಪರದೆಯಿರಬೇಕು. ಈ ಪಾಠದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಪರದೆಯನ್ನು ಬಳಸುವ ರೀತಿ

ಪರದೆಯ ಕೆಲಸವು ಮಗು ಹುಟ್ಟಿದ ದಿನದಿಂದಲ್ಲ, ತಾಯಿ ಗರ್ಭಿಣಿಯಾದಾಗಿನಿಂದಲೇ ಆರಂಭವಾಗತಕ್ಕದ್ದು. ಗರ್ಭಿಣಿಗೆ ಮಲೇರಿಯಾ ಬಂದರೆ ಆಕೆಗೆ ರಕ್ತಹೀನತೆಯುಂಟಾಗುತ್ತದೆ, ಮಗು ಕಡಿಮೆ ತೂಕದ್ದಾಗಿ ಹುಟ್ಟುತ್ತದೆ, ಕೆಲವೊಮ್ಮೆ ಗರ್ಭವೇ ನಿಲ್ಲುವುದಿಲ್ಲ. ಮನೆಯಲ್ಲಿ ಇರುವುದು ಒಂದೇ ಪರದೆಯಾದರೆ ಅದು ಗರ್ಭಿಣಿಯ ಅಥವಾ ಬಾಣಂತಿ ಮತ್ತು ಕೂಸಿನ ಪಾಲು. ಯಜಮಾನರು ಹೊರಗಿನ ಜಗಲಿಯಲ್ಲಿ ಪರದೆ ಕಟ್ಟಿಕೊಂಡು ಮಲಗಿ, ಒಳಗೆ ತಾಯಿ ಮಗು ಹಾಗೆಯೇ ಮಲಗುವ ಪದ್ಧತಿಯು ಇನ್ನೂ ಕೆಲವು ಮನೆಗಳಲ್ಲಿದೆ. ಅದು ನಿಲ್ಲಬೇಕು.

ಮರದ ತೊಟ್ಟಿಲಾದರೆ ಪರದೆಯು ನಾಲ್ಕೂ ಕಡೆ ಇಳಿದು, ಅಂಚು ಹಾಸಿಗೆಯ ಕೆಳಗೆ ಸಿಕ್ಕಿಕೊಂಡಿರಬೇಕು. ಪರದೆಯ ಬಟ್ಟೆಯು ಮಗುವಿನ ಮುಖಕ್ಕಾಗಲಿ ಕೈಗಾಗಲಿ ತಾಗಬಾರದು. ತಾಗಿದ ಕಡೆ ಸೊಳ್ಳೆಯು ಹೊರಗಿನಿಂದಲೇ ಕಡಿಯುತ್ತದೆ; ಸಡಿಲವಾದ ಬಟ್ಟೆಯನ್ನು ಮಗು ಹಿಡಿದೆಳೆದು ಮುಖಕ್ಕೆ ಸುತ್ತಿಕೊಳ್ಳುವ ಅಪಾಯವೂ ಉಂಟು. ನೆಲದ ಮೇಲೆ ಮಲಗಿಸುವವರಿಗೆ ಕೊಡೆಯಂತೆ ಬಿಚ್ಚಿ ಮಡಚುವ ಚಿಕ್ಕ ಪರದೆಯು ಸಂತೆಯಲ್ಲಿಯೂ ದೊರೆಯುತ್ತದೆ. ಅದನ್ನಿಡುವ ಮೊದಲು ಒಳಗೆ ಸೊಳ್ಳೆ, ಇರುವೆ ಸೇರಿಲ್ಲವೆಂದು ನೋಡಿಕೊಳ್ಳಿ. ಒಂದು ಸೊಳ್ಳೆ ಒಳಗಿದ್ದರೆ ಪರದೆಯೇ ಅದಕ್ಕೆ ಹಬ್ಬದ ಚಪ್ಪರವಾಗುತ್ತದೆ.

ಸೀರೆಯ ಜೋಲಿಯಲ್ಲಿ ಮಲಗಿಸುವ ರೂಢಿ ನಮ್ಮಲ್ಲಿ ಬಹಳ. ಜೋಲಿಯ ಎರಡು ಬದಿಗಳ ನಡುವೆ ಕೋಲೊಂದನ್ನು ಅಡ್ಡಲಾಗಿ ಭದ್ರವಾಗಿ ಸಿಕ್ಕಿಸಿ ಬಾಯಿ ತೆರೆದಿರುವಂತೆ ಮಾಡಿ, ಅದರ ಮೇಲಿನಿಂದ ತೆಳು ಪರದೆಯನ್ನು ಇಳಿಬಿಡಿ. ದಪ್ಪ ಬಟ್ಟೆಯಿಂದ ಜೋಲಿಯ ಬಾಯನ್ನು ಮುಚ್ಚಕೂಡದು, ಉಸಿರಾಟಕ್ಕೆ ತೊಂದರೆಯಾದೀತು. ಹೊಲದಲ್ಲಿ ಹೊಂಗೆ, ಹುಣಿಸೆ ಮರದ ಕೊಂಬೆಗೆ ಜೋಲಿ ಕಟ್ಟುವ ತಾಯಂದಿರು ಮೊದಲು ಕೊಂಬೆಯಲ್ಲಿ ಇರುವೆಯ ಸಾಲಾಗಲಿ ಕಣಜದ ಗೂಡಾಗಲಿ ಇದೆಯೇ ಎಂದು ತಲೆಯೆತ್ತಿ ನೋಡಬೇಕು. ಜೋಲಿಯ ಹಗ್ಗದ ಮೇಲ್ಭಾಗದಲ್ಲಿ, ಮಗುವಿನ ಕೈಗೆ ನಿಲುಕದಂತೆ, ಬೇವಿನೆಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ಸುತ್ತಿದರೆ ಕೆಂಜಿಗ, ಕಟ್ಟಿರುವೆಗಳು ಇಳಿದು ಬರುವುದು ತಪ್ಪುತ್ತದೆ.

ಆರೋಗ್ಯ ಇಲಾಖೆಯು ಮಲೇರಿಯಾ ಭಯವಿರುವ ಊರುಗಳಲ್ಲಿ ಹಂಚುವ ಔಷಧಯುಕ್ತ ಪರದೆಗಳು ಹಸುಳೆಗಳಿಗೂ ನಿರಪಾಯಕರವಾದುವು. ಸೊಳ್ಳೆಯು ಅದನ್ನು ಮುಟ್ಟಿದರೆ ಸಾಯುತ್ತದೆ. ಸಾಮಾನ್ಯವಾಗಿ ಇಂತಹ ಪರದೆಯು ಸುಮಾರು 20 ಒಗೆತಗಳವರೆಗೆ, ಎಂದರೆ ಮೂರು ವರ್ಷಗಳಷ್ಟು ಕಾಲ, ಕೆಲಸ ಮಾಡುತ್ತದೆ. ಮೃದುವಾದ ಸೋಪಿನ ನೀರಿನಲ್ಲಿ ಅದ್ದಿ ತೆಗೆಯಬೇಕೇ ಹೊರತು ಕಲ್ಲಿಗೆ ಬಡಿಯಬಾರದು, ನೆರಳಿನಲ್ಲಿ ಒಣಗಿಸಬೇಕು.

ರೇಷ್ಮೆ ಬೆಳೆಗಾರರು ಇಲ್ಲಿ ಒಂದು ವಿಶೇಷ ಎಚ್ಚರಿಕೆಯನ್ನು ವಹಿಸತಕ್ಕದ್ದು. ಸೊಳ್ಳೆಯನ್ನು ಕೊಲ್ಲುವ ಔಷಧವು ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ, ಮೀನನ್ನೂ ಕೊಲ್ಲುತ್ತದೆ. ಔಷಧಯುಕ್ತ ಪರದೆಯನ್ನು ಹುಳುಮನೆಯೊಳಗೆ ತರಬೇಡಿ. ಅದನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಹಿಪ್ಪುನೇರಳೆ ಸೊಪ್ಪನ್ನು ಮುಟ್ಟಬೇಡಿ. ಹಳ್ಳ ಕೆರೆಗಳಲ್ಲಿ ಅದನ್ನು ಒಗೆಯಬೇಡಿ. ಹುಳುವೂ ಮನುಷ್ಯರೂ ಒಂದೇ ಸೂರಿನಡಿ ಇರುವ ಚಿಕ್ಕ ಮನೆಯಾದರೆ ಔಷಧವಿಲ್ಲದ ಸಾದಾ ಪರದೆಯೇ ಲೇಸು. ಅದರಲ್ಲಿ ಹರಕು ಇರಬಾರದು, ಅಷ್ಟೆ.

ಹೊಗೆ, ಲೇಪ, ಮದ್ದುಗಳ ವಿಚಾರ

ಕೂಸಿಗೆ ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿಯ ಹೊಗೆ ಹಿಡಿಯುವುದು, ಸಂಜೆಯ ವೇಳೆ ಬೇವಿನ ಸೊಪ್ಪು ಬೆರಣಿಗಳನ್ನು ಸುಟ್ಟು ಮನೆಯೆಲ್ಲಾ ಹೊಗೆ ಮಾಡುವುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿಗಳು. ಅವರ ಉದ್ದೇಶವು ಒಳ್ಳೆಯದೇ. ಆದರೆ ಹೊಗೆಯು ಸೊಳ್ಳೆಗಿಂತ ಮೊದಲು ಮಗುವಿನ ಎಳೆಯ ಶ್ವಾಸಕೋಶವನ್ನು ತಲಪುತ್ತದೆ. ಕೆಮ್ಮು, ಉಬ್ಬಸ, ನ್ಯುಮೋನಿಯಾಗಳಿಗೆ ದಾರಿಯಾಗುತ್ತದೆ. ಅಂಗಡಿಯ ಸೊಳ್ಳೆ ಸುರುಳಿಯೂ ಇದಕ್ಕೆ ಹೊರತಲ್ಲ. ಒಂದು ಸುರುಳಿ ಉರಿದು ಮುಗಿಯುವಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮವೆಂದು ತಜ್ಞರು ಅಳೆದು ತೋರಿಸಿದ್ದಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದನ್ನು ತೊಟ್ಟಿಲ ಕೆಳಗಿಡುವ ತಂದೆಯು ತಾನು ಮಗುವನ್ನು ಕಾಪಾಡುತ್ತಿದ್ದೇನೆಂದೇ ತಿಳಿದಿರುತ್ತಾನೆ. ಮಾದಪ್ಪನ ಧೂಪವು ಮಾದಪ್ಪನ ಮುಂದೆ ಇರಲಿ, ತೊಟ್ಟಿಲ ಕೆಳಗೆ ಬೇಡ. ಈ ಮಾತನ್ನು ಅತ್ತೆಯವರಿಗೆ ಹೇಳುವ ಹೊಣೆಯನ್ನು ಸೊಸೆಯ ಮೇಲೆ ಹಾಕದೆ ಮಗನಾದವನೇ ಮೆಲ್ಲಗೆ ಹೇಳುವುದು ಉಚಿತ.

ಕರ್ಪೂರವನ್ನು ಎಣ್ಣೆಯಲ್ಲಿ ಕರಗಿಸಿ ಮಗುವಿನ ಎದೆಗೂ ಮೂಗಿಗೂ ಹಚ್ಚುವುದು, ಗಂಟುಕಟ್ಟಿ ತೊಟ್ಟಿಲಿಗೆ ತೂಗುಹಾಕುವುದು ಅಪಾಯಕರ. ಕರ್ಪೂರವು ಹಸುಳೆಯ ಚರ್ಮದ ಮೂಲಕವೂ ಒಳಸೇರುತ್ತದೆ. ಬಾಯಿಗೆ ಹೋದರಂತೂ ಕೆಲವೇ ನಿಮಿಷಗಳಲ್ಲಿ ಸೆಳವು ತರಬಲ್ಲುದು. ಪೆಟ್ಟಿಗೆಯಲ್ಲಿಟ್ಟ ಬಟ್ಟೆಗಳ ನಡುವೆ ಹಾಕುವ ನುಸಿಗುಳಿಗೆಯ ವಿಷಯವೂ ಹೀಗೆಯೇ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕೊರತೆಯಿರುವ ಮಕ್ಕಳಿರುತ್ತಾರೆ. ಆ ಗುಳಿಗೆಯ ವಾಸನೆ ಹಿಡಿದ ಬಟ್ಟೆಯನ್ನು ಅವರಿಗೆ ತೊಡಿಸಿದರೆ ರಕ್ತಕಣಗಳು ಒಡೆದು ಕಾಮಾಲೆಯಾಗುತ್ತದೆ. ಕೊರತೆ ಯಾವ ಮಗುವಿಗಿದೆಯೆಂದು ಹೊರಗಿನಿಂದ ತಿಳಿಯದು. ಆದುದರಿಂದ ಯಾವ ಮಗುವಿನ ಬಟ್ಟೆಯ ಬಳಿಯೂ ನುಸಿಗುಳಿಗೆ ಬೇಡ.

ಸೊಳ್ಳೆ ಕಡಿಯದಂತೆ ಮೈಗೆ ಹಚ್ಚುವ ಮುಲಾಮುಗಳನ್ನು ಎರಡು ತಿಂಗಳೊಳಗಿನ ಮಗುವಿಗೆ ಹಚ್ಚಲೇಬಾರದು. ಆ ಮೇಲೂ ವೈದ್ಯರನ್ನೋ ದಾದಿಯನ್ನೋ ಕೇಳಿ, ಬಟ್ಟೆಯಿಂದ ಹೊರಗಿರುವ ಕಾಲು ತೋಳುಗಳಿಗೆ ತೆಳುವಾಗಿ ಹಚ್ಚಿ. ಅಂಗೈ, ಬೆರಳು, ಕಣ್ಣು, ಬಾಯಿ, ಗಾಯವಿರುವ ಕಡೆ ಬೇಡ. ಮಗು ಬೆರಳು ಚೀಪುತ್ತದೆಯಲ್ಲವೇ? ನೀಲಗಿರಿ ನಿಂಬೆಯ ಎಣ್ಣೆಯೆಂದು ಮಾರುವುದನ್ನು ಮೂರು ವರ್ಷದವರೆಗೆ ಬಳಸಬಾರದು.

ಹೊಲಕ್ಕೆ ಸಿಂಪಡಿಸುವ ಕೀಟನಾಶಕವನ್ನು ಹೇನಿಗೆಂದು ಮಗುವಿನ ತಲೆಗೆ, ತಿಗಣೆಗೆಂದು ಹಾಸಿಗೆಗೆ ಹಚ್ಚುವುದು ವಿಷಪ್ರಾಶನವೇ ಸರಿ. ಜೀವಹಾನಿಯಾಗುತ್ತದೆ. ತಿಗಣೆಗೆ ಕುದಿಯುವ ನೀರು ಮತ್ತು ಉರಿಬಿಸಿಲು ಸಾಕು.

ಅಂಗಳದ ನೀರು

ಸೊಳ್ಳೆಯ ಮೊಟ್ಟೆಯು ನೀರಿನಲ್ಲಿ ಹುಳುವಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಲು ಏಳರಿಂದ ಹತ್ತು ದಿನಗಳು ಬೇಕು. ಬಾನಿಯ ನೀರಿನಲ್ಲಿ ಮೇಲೆ ಕೆಳಗೆ ಕುಣಿಯುವ ಸಣ್ಣ ಹುಳುಗಳನ್ನು ನೀವೆಲ್ಲರೂ ಕಂಡಿದ್ದೀರಿ. ಅವೇ ಇವು. ವಾರಕ್ಕೊಮ್ಮೆ, ಸಂತೆಯ ದಿನವೋ ಸೋಮವಾರವೋ, ಒಂದು ದಿನ ಗೊತ್ತುಮಾಡಿಕೊಂಡು ಎಲ್ಲ ಪಾತ್ರೆಗಳನ್ನೂ ಬರಿದುಮಾಡಿ ಒಳಗೋಡೆಯನ್ನು ಉಜ್ಜಿ ತೊಳೆದರೆ ಈ ಸರಪಣಿ ಕಡಿಯುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು, ಉಜ್ಜಲೇಬೇಕು. ಈಡಿಸ್ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ಎಷ್ಟೋ ತಿಂಗಳು ಜೀವಹಿಡಿದಿದ್ದು, ಮುಂದಿನ ಮಳೆಗೆ ಮರಿಯಾಗುತ್ತವೆ. ನಮ್ಮ ಸೀಮೆಯಲ್ಲಿ ಬೇಸಗೆಯ ಕೊನೆಯ ಮಳೆಯಲ್ಲದೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯೂ ಜೋರು. ಈ ಎರಡು ಕಾಲಗಳಲ್ಲಿ ಮನೆಯ ಹಿಂದೆ ಬಿದ್ದಿರುವ ಒರಳುಕಲ್ಲು, ತೆಂಗಿನ ಕರಟ, ಎಳನೀರಿನ ಬುರುಡೆ, ಸೂರಿನ ಮೇಲೆ ಭಾರಕ್ಕೆಂದು ಹೇರಿದ ಹಳೆಯ ಟೈರು, ಇವುಗಳತ್ತ ಕಣ್ಣಿರಲಿ.

ರೇಷ್ಮೆ ಮನೆಗಳಲ್ಲಿ ಇನ್ನೊಂದು ಅಡಗುತಾಣವುಂಟು. ತಟ್ಟೆಗಳನ್ನಿಡುವ ಅಟ್ಟಣೆಯ ಕಾಲುಗಳಿಗೆ ಇರುವೆ ಹತ್ತದಿರಲೆಂದು ನೀರಿನ ಬಟ್ಟಲುಗಳನ್ನಿಡುತ್ತೀರಿ. ಹುಳುವನ್ನು ಇರುವೆಯಿಂದ ಕಾಯುವ ಆ ನೀರು ಮಗುವಿನ ಪಾಲಿಗೆ ಸೊಳ್ಳೆಯ ಹೆರಿಗೆಮನೆಯಾಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಬಟ್ಟಲನ್ನು ಉಜ್ಜಿ ನೀರು ಬದಲಿಸಿ. ಬೆಳೆ ಮುಗಿದು ಮುಂದಿನ ಚಾಕಿ ಬರುವವರೆಗೆ ಒಣಗಿಸಿ ಕವುಚಿಡಿ.

ಔಷಧ ಸಿಂಪಡಿಸಲು ಬಂದವರನ್ನು ರೇಷ್ಮೆ ಬೆಳೆಗಾರರು ಹಿಂದಕ್ಕೆ ಕಳುಹಿಸುವುದುಂಟು. ಅವರ ಭಯದಲ್ಲಿ ಹುರುಳಿಲ್ಲದೆ ಇಲ್ಲ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಣ ರೇಷ್ಮೆಯ ಹಳ್ಳಿಗಳಲ್ಲಿಯೂ ಇದೇ ತೊಡಕಿತ್ತು. ಅಲ್ಲಿ 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಸಿಂಪಡಣೆಯ ಬದಲು ಬಾವಿಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಿಟ್ಟರು. ಮೀನುಗಳು ಸೊಳ್ಳೆಯ ಮರಿಗಳನ್ನು ತಿಂದವು, ಮಲೇರಿಯಾ ಇಳಿಯಿತು, ರೇಷ್ಮೆಗೆ ಯಾವ ಬಾಧೆಯೂ ಆಗಲಿಲ್ಲ. ನಿಮ್ಮ ಬಾವಿ, ದೊಡ್ಡ ತೊಟ್ಟಿಗಳಿಗೂ ಆರೋಗ್ಯ ಕಾರ್ಯಕರ್ತರ ಮೂಲಕ ಈ ಮೀನುಗಳನ್ನು ಕೇಳಿ ಪಡೆಯಬಹುದು. ಕೆರೆ, ಹೊಳೆಗಳಿಗೆ ಮಾತ್ರ ಬಿಡಬೇಡಿ. ಅಲ್ಲಿನ ನಮ್ಮ ನಾಡ ಮೀನುಗಳಿಗೆ ಅವು ಶತ್ರುಗಳಾಗುತ್ತವೆ.

ಈ ಕೆಲಸಗಳೆಲ್ಲಾ ತಾಯಿಯೊಬ್ಬಳ ಪಾಲಿಗಲ್ಲ. ಮೂರು ತಿಂಗಳ ಬಾಣಂತಿಯು ಗುಡಾಣ ಬಗ್ಗಿಸಿ ಉಜ್ಜಲಾರಳು. ತೊಟ್ಟಿಗೆ ಮುಚ್ಚಳ, ಕಿಟಕಿಗೆ ಜಾಲರಿ, ಚರಂಡಿಗೆ ಹರಿವು, ಇವು ತಂದೆಯ ಕೆಲಸ.

ಕಾಡಂಚಿನ ಊರುಗಳಲ್ಲಿ

ಮಲೆ ಮಹದೇಶ್ವರ ಬೆಟ್ಟದ ಸುತ್ತಣ ದೊಡ್ಡಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ವಾಸಿಸುವವರಿಗೆ ಸೊಳ್ಳೆಯ ಜೊತೆಗೆ ಉಣ್ಣೆಯ ಕಾಟವೂ ಉಂಟು. ಉಣ್ಣೆಯು ಶಾಸ್ತ್ರರೀತ್ಯಾ ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗದ್ದು. ಆದರೆ ಕಡಿಸಿಕೊಂಡವರಿಗೆ ಆ ಭೇದದಿಂದ ಆಗಬೇಕಾದುದೇನೂ ಇಲ್ಲ. ದನ, ನಾಯಿ, ಕಾಡಿನಿಂದ ತಂದ ಸೌದೆ ಮತ್ತು ತರಗೆಲೆಗಳೊಡನೆ ಅದು ಮನೆಗೆ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣ್ಣೆಯ ಮೂಲಕ ಹರಡುವಂತಹದು. ಅದು ಮಲೆನಾಡಿನ ರೋಗವೆಂದು ನಾವು ಸುಮ್ಮನಿದ್ದೆವು. 2012ರ ಕೊನೆಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಕಾಡಿನಲ್ಲಿಯೇ ಮಂಗಗಳು ಸತ್ತು, ಕಾಡಿನಲ್ಲಿ ಕೆಲಸ ಮಾಡುತ್ತಿದ್ದವರಿಗೂ ರೋಗ ಅಂಟಿತು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ.

ಕಾಡಿನಿಂದ, ಹೊಲದಿಂದ, ಕೊಟ್ಟಿಗೆಯಿಂದ ಬಂದವರು ಬಟ್ಟೆ ಬದಲಿಸಿ ಕೈಕಾಲು ತೊಳೆದು ಆ ಬಳಿಕ ಮಗುವನ್ನು ಎತ್ತಿಕೊಳ್ಳಿ. ಮಗುವನ್ನು ಬರಿಯ ನೆಲದ ಮೇಲಾಗಲಿ ಹುಲ್ಲಿನ ಮೇಲಾಗಲಿ ಮಲಗಿಸಬೇಡಿ. ತೊಟ್ಟಿಲಿನ ಬಳಿ ನಾಯಿ ಮಲಗಬಾರದು. ಸಂಜೆ ಮೈ ತೊಳೆಯುವಾಗ ಮಗುವಿನ ಕಿವಿಯ ಹಿಂದೆ, ಕೂದಲಿನೊಳಗೆ, ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದುಗಳಲ್ಲಿ ಬೆರಳಾಡಿಸಿ ನೋಡಿ. ಉಣ್ಣೆ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಹಾಕುವುದು, ಬೀಡಿಯ ಬೆಂಕಿ ಮುಟ್ಟಿಸುವುದು ಕೂಡದು. ಅದರಿಂದ ಉಣ್ಣೆಯು ತನ್ನ ಜೊಲ್ಲನ್ನು ಇನ್ನಷ್ಟು ಒಳಕ್ಕೆ ಬಿಟ್ಟೀತು. ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಎಳೆದು ತೆಗೆಯಿರಿ. ಬರಿಗೈಯಿಂದ ಹಿಸುಕಬೇಡಿ. ಬಳಿಕ ಸೋಪಿನಿಂದ ತೊಳೆಯಿರಿ.

ಪೊದೆ ಹುಲ್ಲುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳವೊಂದಿದೆ. ಮಳೆಗಾಲದ ನಂತರದ ತಂಪು ತಿಂಗಳುಗಳಲ್ಲಿ ಅದು ಕಡಿದರೆ ಸ್ಕ್ರಬ್ ಟೈಫಸ್ ಎಂಬ ಜ್ವರ ಬರಬಹುದು. ಕಡಿದಲ್ಲಿ ನೋವಿಲ್ಲದ, ಬೀಡಿಯ ತುದಿಯಿಂದ ಸುಟ್ಟಂತೆ ಕಾಣುವ ಕರಿಯ ಹಕ್ಕಳೆಯು ಇರುತ್ತದೆ. ಹೆಚ್ಚಾಗಿ ಮೈಯ ಮಡಿಕೆಗಳಲ್ಲಿ ಅಡಗಿರುತ್ತದೆ. ಜ್ವರವಿರುವ ಮಗುವಿನ ಮೈಯಲ್ಲಿ ಇಂತಹ ಹಕ್ಕಳೆ ಕಂಡರೆ ವೈದ್ಯರಿಗೆ ತೋರಿಸಲು ಮರೆಯಬೇಡಿ. ಬೇಗ ಗುರುತಿಸಿದರೆ ಇದು ಸುಲಭವಾದ ಮಾತ್ರೆಗಳಿಂದ ಗುಣವಾಗುವ ರೋಗ, ತಡವಾದರೆ ಪ್ರಾಣಾಂತಿಕ.

ಮಾದಪ್ಪನ ಸನ್ನಿಧಿಗೆ ಮಗುವಿನ ಮುಡಿ ಕೊಡಲು ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಹೋಗುವ ದಂಪತಿಗಳಿಗೂ ಒಂದು ಮಾತು. ರಾತ್ರಿ ಬಯಲಿನಲ್ಲಿ ತಂಗುವಾಗ ಆಗ ತಾನೇ ಬೋಳಿಸಿದ ತಲೆಯು ಸೊಳ್ಳೆಗೆ ತೆರೆದಿಟ್ಟ ಎಡೆಯಂತಿರುತ್ತದೆ. ತೆಳುವಾದ ಹತ್ತಿಯ ಕುಲಾವಿ, ಮೈತುಂಬ ಬಟ್ಟೆ ಮತ್ತು ಮಡಚುವ ಪರದೆ ನಿಮ್ಮ ಗಂಟಿನಲ್ಲಿರಲಿ. ಊರಿಗೆ ಮರಳಿದ ಎರಡು ವಾರಗಳೊಳಗೆ ಮಗುವಿಗೆ ಜ್ವರ ಬಂದರೆ, ಬೆಟ್ಟಕ್ಕೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ಹೇಳಿ.

ಕಡಿದ ಮೇಲೆ

ಸೊಳ್ಳೆ, ಇರುವೆ, ಚಿಗಟ ಕಡಿದಲ್ಲಿ ಸೋಪು ನೀರಿನಿಂದ ತೊಳೆದು, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಸುಣ್ಣ, ಹೊಗೆಸೊಪ್ಪು, ಸಗಣಿ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ಮಗುವಿನ ಉಗುರನ್ನು ಕತ್ತರಿಸಿಡಿ. ಕೆರೆದು ಹುಣ್ಣಾಗಿ ಕೀವಾದರೆ ಅಲಕ್ಷ್ಯ ಮಾಡಬಾರದು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಇಂತಹ ಹುಣ್ಣಿನ ನಂಜಿನಿಂದ ಕೆಲವು ವಾರಗಳ ಮೇಲೆ ಮೂತ್ರಪಿಂಡ ಕೆಟ್ಟು ಮುಖ ಊದುವುದು, ಮೂತ್ರ ಕಪ್ಪಾಗುವುದು ಉಂಟು. ಬೆರಳ ಸಂದುಗಳಲ್ಲಿ ಗುಳ್ಳೆಗಳಿದ್ದು ರಾತ್ರಿ ಮನೆಮಂದಿಗೆಲ್ಲಾ ತುರಿಕೆಯಾದರೆ ಅದು ಕಡಿತವಲ್ಲ, ಕಜ್ಜಿ; ಒಬ್ಬರಿಗೆ ಔಷಧ ಹಚ್ಚಿದರೆ ಹೋಗುವುದಿಲ್ಲ, ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು.

ಜೇನು ಕುಟುಕಿದರೆ ಮುಳ್ಳನ್ನು ಆ ಕ್ಷಣವೇ ತೆಗೆಯಿರಿ. ಉಗುರಿನಿಂದಲೋ ಕಡ್ಡಿಯಿಂದಲೋ ಎಂದು ಯೋಚಿಸುತ್ತ ನಿಲ್ಲಬೇಡಿ. ಮುಳ್ಳು ಇರುವಷ್ಟು ಹೊತ್ತೂ ವಿಷ ಇಳಿಯುತ್ತಲೇ ಇರುತ್ತದೆ. ತುಟಿ ಮುಖ ಊದಿದರೆ, ಮೈಯೆಲ್ಲಾ ದದ್ದೆದ್ದರೆ, ಉಸಿರು ಸುಯ್‌ಗುಟ್ಟಿದರೆ, ಮಗು ಸೋತು ಬಿದ್ದರೆ, ಬಾಯಿಯೊಳಗೆ ಕುಟುಕಿದ್ದರೆ ಅಥವಾ ಹೆಜ್ಜೇನಿನ ಹಿಂಡೇ ಮುತ್ತಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.

ಚೇಳೂ ಕೀಟವಲ್ಲ, ಆದರೂ ಸೌದೆಯ ರಾಶಿಯ ಪಕ್ಕದಲ್ಲಿ ಅಂಬೆಗಾಲಿಡುವ ಮಗುವಿಗೆ ಅದರಷ್ಟು ಅಪಾಯ ಬೇರೊಂದಿಲ್ಲ. ಮೈ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು ಹೃದಯಕ್ಕೆ ವಿಷ ತಟ್ಟಿದ ಗುರುತು. ಮಹಾರಾಷ್ಟ್ರದ ಮಹಾಡಿನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಸಾಮಾನ್ಯ ಬೆಲೆಯ ಮಾತ್ರೆಯನ್ನು ಇದಕ್ಕೆ ಬಳಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಮಂತ್ರ ಹಾಕಿಸಲು ಕಳೆಯುವ ಎರಡು ಗಂಟೆಗಳಲ್ಲಿ ಆಸ್ಪತ್ರೆ ತಲಪಬಹುದು.

ಜ್ವರ ಬಂದರೆ

ಎರಡು ತಿಂಗಳೊಳಗಿನ ಮಗುವಿನ ಮೈ ಬಿಸಿಯಾದರೆ, ಎಂದರೆ ಕಂಕುಳಲ್ಲಿ ಅಳೆದಾಗ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಬೆಳಗಾಗಲೆಂದು ಕಾಯಕೂಡದು. ಹಾಲು ಕುಡಿಯಲೊಲ್ಲದೆ ಮಂಕಾದರೆ, ಮೈ ತಣ್ಣಗಾದರೆ, ಆಗಲೂ ಅಷ್ಟೇ. ಕಾರಣ ಸೊಳ್ಳೆಯೋ ಬೇರೆಯೋ ಎಂಬುದನ್ನು ಆಸ್ಪತ್ರೆಯಲ್ಲಿ ಗೊತ್ತುಮಾಡುತ್ತಾರೆ. ಕಾಡಿನೊಳಗಿನ ಊರುಗಳಿಂದ ರಸ್ತೆಗೆ ಬರಲು ಗಂಟೆಗಳೇ ಬೇಕಾಗುವಾಗ, ಹೊರಡುವುದೋ ಬೇಡವೋ ಎಂಬ ಚರ್ಚೆಗೆ ಹೊತ್ತು ಕಳೆಯುವುದು ತರವಲ್ಲ. ಗಂಡನು ಊರಿನಲ್ಲಿಲ್ಲದಾಗ ಯಾರ ಗಾಡಿ, ಯಾರ ಜೊತೆ ಎಂಬುದನ್ನು ಹೆರಿಗೆಗೆ ಮೊದಲೇ ಗಂಡಹೆಂಡಿರು ಮಾತನಾಡಿಟ್ಟುಕೊಂಡಿರಬೇಕು. ತಾಯಿಯು ಹೊರಡಲು ಯಾರ ಅಪ್ಪಣೆಗೂ ಕಾಯುವಂತಿರಬಾರದು.

ದೊಡ್ಡ ಮಗುವಾದರೆ ಜ್ವರ ಬಂದ ದಿನವೇ ಆಶಾ ಕಾರ್ಯಕರ್ತೆಯ ಬಳಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾಕ್ಕಾಗಿ ರಕ್ತ ಪರೀಕ್ಷೆ ಮಾಡಿಸಿ. ಒಂದು ಹನಿ ರಕ್ತ ಸಾಕು, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಫಲಿತಾಂಶ ತಿಳಿಯುತ್ತದೆ. ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಬಾರದು. ಡೆಂಗೆಯಾಗಿದ್ದರೆ ರಕ್ತಸ್ರಾವ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಒಂದನ್ನೇ, ಮಗುವಿನ ತೂಕಕ್ಕೆ ತಕ್ಕಂತೆ ದಾದಿಯು ಹೇಳಿದಷ್ಟು ಕೊಡಿ.

ಡೆಂಗೆಯಲ್ಲಿ ತಾಯ್ತಂದೆಯರು ಮೋಸಹೋಗುವುದು ಜ್ವರ ಇಳಿದಾಗ. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಮೈಯ ಬಿಸಿ ತಗ್ಗುತ್ತದೆ. ಮಗು ಗುಣವಾಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಿಜವಾದ ಗಂಡಾಂತರವು ಆಗಲೇ. ಹೊಟ್ಟೆನೋವೆಂದು ಅಳುವುದು, ನಿಲ್ಲದ ವಾಂತಿ, ವಸಡು ಮೂಗುಗಳಲ್ಲಿ ರಕ್ತ, ಕಪ್ಪು ಮಲ, ತಣ್ಣನೆಯ ಕೈಕಾಲು, ಅತಿಯಾದ ತೂಕಡಿಕೆ, ನಾಲ್ಕೈದು ಗಂಟೆಗಳಿಂದ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.

ದಾರಿಯುದ್ದಕ್ಕೂ ಮಗು ಕುಡಿಯುವಷ್ಟು ಎದೆಹಾಲು ಕೊಡುತ್ತಲೇ ಇರಿ. ಆರು ತಿಂಗಳು ದಾಟಿದ ಮಗುವಿಗೆ ಕುದಿಸಿ ಆರಿಸಿದ ನೀರು, ಗಂಜಿತಿಳಿ, ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ. ಜ್ವರ ಯಾವ ದಿನ, ಯಾವ ಹೊತ್ತಿಗೆ ಹತ್ತಿತು, ಕೊಟ್ಟ ಔಷಧ ಯಾವುದು, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಡನೆ ವೈದ್ಯರ ಕೈಗೆ ಕೊಡಿ.